ಮೋಟಾರು ಮೀಮಾಂಸೆ

ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಬಂದ ತಾಳೆಯೋಲೆಯ ಕಟ್ಟಿನಿಂದ ಕೌಟಿಲ್ಯನ ಅರ್ಥಶಾಸ್ತ್ರವನ್ನು ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದ ಸಂಗತಿ ವಾಚಕರಿಗೆ ವಿದಿತವೇ ಇದೆ. ರಾಜನೀತಿಯನ್ನು ಅರಸಿ ಆ ಗ್ರಂಥವನ್ನು ತೆರೆಯುವವರು ನಾಲ್ಕನೆಯ ಅಧಿಕರಣದ ಕಡೆಯ ಅಧ್ಯಾಯದವರೆಗೆ ಬರುವುದು ಅಪೂರ್ವ. ಅಲ್ಲಿ ಬಂಡಿಗಳ ವಿಷಯವಿದೆ. ಮೂಗುದಾರ ಕಿತ್ತುಹೋಗಿಯೋ ನೊಗ ಮುರಿದೋ ಅನರ್ಥವಾದರೆ ಹೊಡೆಯುವವನಿಗೆ ದಂಡವಿಲ್ಲ. ಹೊಡೆಯುವವನು ಬಾಲಕನಾಗಿದ್ದರೆ ಬಂಡಿಯಲ್ಲಿ ಕುಳಿತ ಯಜಮಾನನಿಗೆ ದಂಡ. ಮನುವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸಾರಥಿಯು ಅಕುಶಲನಾದರೆ ಗಾಡಿಯಲ್ಲಿ ಕುಳಿತವರೆಲ್ಲರಿಗೂ ತಲಾ ನೂರು ಪಣ ದಂಡವೆಂದಿದ್ದಾನೆ. ಸರಿಯಿರಿ, ಸರಿಯಿರಿ ಎಂದು ಕೂಗಿಕೊಂಡು ಬಂದವನನ್ನು ಬಿಟ್ಟುಬಿಟ್ಟಿದ್ದಾನೆ. ನಮ್ಮ 1988ರ ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಸೇರಿದ 199ಎ ಕಲಮು ಅಪ್ರಾಪ್ತವಯಸ್ಕನು ವಾಹನ ನಡೆಸಿ ಅಪರಾಧಮಾಡಿದರೆ ಅವನ ಪೋಷಕನಿಗೆ ಅಥವಾ ವಾಹನದ ಒಡೆಯನಿಗೆ ಮೂರು ವರ್ಷದವರೆಗೆ ಸೆರೆವಾಸ, 25000 ರೂಪಾಯಿ ದಂಡ ಎನ್ನುವಾಗ, ಕೌಟಿಲ್ಯನೇ ಷರಾಯಿ ತೊಟ್ಟು ಶಾಸನಸಭೆಗೆ ಬಂದಂತೆ ನನಗೆ ತೋರಿತು.

ಈ ಕಾಯಿದೆಯನ್ನು ಓದುವ ಪ್ರಸಂಗ ನನಗೆ ಒದಗಿದ್ದು ನೆರೆಯ ತರುಣರಿಂದ. ಅನ್ನಪೂರ್ಣೇಶ್ವರಿ ನಗರದ ನಮ್ಮ ಬೀದಿಯಲ್ಲಿ ಮೋಟಾರಿನ ಹುಚ್ಚು ಹಿಡಿದವರು ನಾಲ್ಕೈದು ಮಂದಿ ಇದ್ದಾರೆ. ಹುಚ್ಚೆಂದು ನಿಂದೆಗಾಗಿ ಹೇಳಲಿಲ್ಲ. ವ್ಯಾಕರಣದ ಒಂದು ಸೂತ್ರವನ್ನು ಹಿಡಿದು ಊಟವನ್ನು ಮರೆಯುತ್ತಿದ್ದ ಸಹಪಾಠಿಗಳನ್ನು ನಾನು ಪಾಠಶಾಲೆಯಲ್ಲಿ ಕಂಡವನು. ಎಂಜಿನಿನ ಧ್ವನಿಗೆ ಕಿವಿಗೊಟ್ಟಾಗ ಈ ಹುಡುಗರ ಮುಖದಲ್ಲಿಯೂ ಅದೇ ತನ್ಮಯತೆ ಮೂಡುತ್ತದೆ. ಅವರ ಸಂಭಾಷಣೆ ಯಂತ್ರದಿಂದ ಆರಂಭವಾಗಿ ತಪ್ಪದೆ ಪೋಲೀಸಿನವರಲ್ಲಿ ಪರ್ಯವಸಾನವಾಗುವುದು. "ಮೇಷ್ಟ್ರೇ, ನೀವು ಶಾಸ್ತ್ರ ಓದಿದವರು. ನಮ್ಮನ್ನು ದಾರಿಯಲ್ಲಿ ಸುಮ್ಮನೆ ನಿಲ್ಲಿಸಬಹುದೋ ಕೂಡದೋ, ಅದೊಂದನ್ನು ಹೇಳಿಬಿಡಿ" ಎಂದು ಒಬ್ಬನು ಕೇಳಿದನು. ವಿಧಿ ಯಾವುದು, ನಿಷೇಧ ಯಾವುದು, ಬರಿಯ ಅರ್ಥವಾದ ಯಾವುದು ಎಂದು ವಿಂಗಡಿಸುವುದು ಮೀಮಾಂಸಕನ ಕೆಲಸ. ಹೊತ್ತು ಹೋಗಲೆಂದು ಒಪ್ಪಿಕೊಂಡೆ.

ಮೊದಲನೆಯ ಪ್ರಶ್ನೆಯಲ್ಲಿಯೇ ತೊಡಕು ಇದೆ. ಸಮವಸ್ತ್ರಧಾರಿಯಾದ ಪೋಲೀಸು ಅಧಿಕಾರಿ ಕೇಳಿದರೆ ಚಾಲಕನು ಲೈಸೆನ್ಸನ್ನು ತೋರಿಸತಕ್ಕದ್ದೆಂದು 130ನೆಯ ಕಲಮು ಸ್ಪಷ್ಟವಾಗಿ ವಿಧಿಸುತ್ತದೆ. ಆದರೆ ಕಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದೆ ಕೇವಲ ಕಾಗದಪತ್ರಗಳ ಪರಿಶೀಲನೆಗಾಗಿ ವಾಹನವನ್ನು ತಡೆಯಬಾರದು, ಕುಡಿದು ನಡೆಸುವವರ ತಪಾಸಣೆಯೊಂದೇ ಇದಕ್ಕೆ ಅಪವಾದ ಎಂದು ರಾಜ್ಯದ ಪೋಲೀಸು ಮಹಾನಿರ್ದೇಶಕರಾಗಿದ್ದ ಪ್ರವೀಣ್ ಸೂದ್ ಅವರು 2022ರ ಜೂನ್ ತಿಂಗಳಿನಲ್ಲಿ ಬಹಿರಂಗವಾಗಿಯೇ ತಿಳಿಸಿದರು. ತರುಣರು ಈ ಎರಡನೆಯ ವಾಕ್ಯವನ್ನು ಕಂಠಪಾಠಮಾಡಿದ್ದಾರೆ. ರಸ್ತೆಯಲ್ಲಿ ನಿಂತ ಅಧಿಕಾರಿಗೆ ಮೊದಲನೆಯದು ಕಂಠಸ್ಥವಾಗಿದೆ. ಶ್ರುತಿಗೂ ಸ್ಮೃತಿಗೂ ವಿರೋಧ ಬಂದರೆ ಶ್ರುತಿಯೇ ಪ್ರಬಲವೆಂಬುದು ನಮ್ಮ ನ್ಯಾಯ. ಮಹಾನಿರ್ದೇಶಕರ ಮಾತು ಇಲಾಖೆಯವರಿಗೆ ಹಾಕಿದ ಕಟ್ಟಳೆಯೇ ಹೊರತು ಕಾಯಿದೆಯನ್ನು ಮೀರಲಾರದು. ಆದುದರಿಂದ ಲೈಸೆನ್ಸು ಕೇಳಿದರೆ ತೋರಿಸಿರಿ, ಅನಂತರ ಬೇಕಾದರೆ ವಾದಿಸಿರಿ ಎಂದೆನು. ಈ ವ್ಯಾಖ್ಯಾನವು ಅವರಿಗೆ ರುಚಿಸಲಿಲ್ಲ.

ಈ ಪ್ರಶ್ನೆ ಬರಿಯ ತರ್ಕದ್ದಲ್ಲ. 2025ರ ಮೇ ತಿಂಗಳಿನಲ್ಲಿ ಮಂಡ್ಯದಲ್ಲಿ, ನಾಯಿ ಕಚ್ಚಿದ ಮೂರು ವರ್ಷದ ಹೆಣ್ಣುಮಗುವನ್ನು ಆಸ್ಪತ್ರೆಗೆ ಒಯ್ಯುತ್ತಿದ್ದ ತಂದೆತಾಯಿಗಳ ದ್ವಿಚಕ್ರವಾಹನವನ್ನು ಹೆಲ್ಮೆಟ್ಟಿನ ತಪಾಸಣೆಗಾಗಿ ತಡೆದಾಗ ಅವರು ಬಿದ್ದು, ಮಗು ಲಾರಿಯ ಚಕ್ರಕ್ಕೆ ಸಿಕ್ಕಿ ಪ್ರಾಣಬಿಟ್ಟಿತು. ಅಧಿಕಾರಿಗಳನ್ನು ಅಮಾನತಿನಲ್ಲಿಟ್ಟರು. ಹೆಲ್ಮೆಟ್ಟು ಧರಿಸಬೇಕೆಂಬ 129ನೆಯ ಕಲಮು ಪ್ರಾಣರಕ್ಷಣೆಗಾಗಿ ಹುಟ್ಟಿದ್ದು. ವಿಧಿಯ ಪ್ರಯೋಜನವನ್ನು ಮರೆತು ವಿಧಿಯ ಅಕ್ಷರವನ್ನು ಮಾತ್ರ ಹಿಡಿದರೆ ಅದು ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ ಇದಕ್ಕಿಂತ ಘೋರವಾದ ದೃಷ್ಟಾಂತವನ್ನು ನಾನು ಅರಿಯೆ.

ಎರಡನೆಯ ಪ್ರಶ್ನೆ ಕೀಲಿಕೈಯದು. ನೆರೆಯ ಹುಡುಗನ ಕಾರಿನಲ್ಲಿ ನಾನೇ ಕುಳಿತು ಹೋಗುತ್ತಿದ್ದಾಗ ಒಮ್ಮೆ ಹೊರವರ್ತುಲ ರಸ್ತೆಯಲ್ಲಿ ಪೇದೆಯೊಬ್ಬನು ಕಿಟಕಿಯೊಳಕ್ಕೆ ಕೈಹಾಕಿ, ಮಾತಿಗೆ ಮುಂಚೆ ಕೀಲಿಕೈಯನ್ನು ತಿರುಗಿಸಿ ತೆಗೆದುಕೊಂಡನು. ಲೈಸೆನ್ಸಾಗಲಿ ನೋಂದಣಿಯಾಗಲಿ ಇಲ್ಲದ ವಾಹನವನ್ನು ವಶಪಡಿಸಿಕೊಳ್ಳಲು 207ನೆಯ ಕಲಮು ಅಧಿಕಾರ ಕೊಡುತ್ತದೆ, ನಿಜ. ಆದರೆ ಚಾಲಕನ ಮುಂದಿನಿಂದ ಕೀಲಿಕೈಯನ್ನು ಕಿತ್ತುಕೊಳ್ಳಬಹುದೆಂಬ ವಾಕ್ಯ ನನಗೆ ಕಾಯಿದೆಯಲ್ಲಿ ಎಲ್ಲಿಯೂ ದೊರೆಯಲಿಲ್ಲ. ಕಾಗದಗಳೆಲ್ಲವೂ ಸರಿಯಾಗಿದ್ದುವು; ಡಿಜಿಲಾಕರಿನಲ್ಲಿದ್ದ ಪ್ರತಿಗಳನ್ನು ಹುಡುಗನು ತೋರಿಸಿದನು. 2018ರ ತಿದ್ದುಪಡಿಯ ಅನಂತರ ಅವು ಮೂಲಪತ್ರಗಳಿಗೆ ಸಮಾನ. ಕೀಲಿಕೈ ಹಿಂದಕ್ಕೆ ಬಂದಿತು. ಹುಡುಗನು ದಾರಿಯುದ್ದಕ್ಕೂ ಮಾತನಾಡಲಿಲ್ಲ. ಐನೂರು ರೂಪಾಯಿ ಹೋದರೆ ಅವನು ಇಷ್ಟು ನೊಂದುಕೊಳ್ಳುತ್ತಿರಲಿಲ್ಲ.

ಗಾಜಿನ ವಿಷಯವು ನಿಜವಾಗಿ ಪಂಡಿತರ ಸಭೆಗೆ ಯೋಗ್ಯವಾದದ್ದು. ಮುಂದಿನ ಹಿಂದಿನ ಗಾಜುಗಳಲ್ಲಿ ಶೇಕಡ 70, ಪಕ್ಕದ ಗಾಜುಗಳಲ್ಲಿ ಶೇಕಡ 50 ಬೆಳಕು ತೂರಿಬರಬೇಕೆಂದು ಕೇಂದ್ರ ನಿಯಮಾವಳಿಯ 100ನೆಯ ನಿಯಮ. ಕಾರ್ಖಾನೆಯಿಂದ ಬಂದ ಗಾಜಿನ ಮೇಲೆ ಎಷ್ಟೇ ತೆಳುವಾದ ಕಪ್ಪು ಹಾಳೆಯನ್ನೂ ಅಂಟಿಸಕೂಡದೆಂದು ಸರ್ವೋಚ್ಚ ನ್ಯಾಯಾಲಯವು 2012ರ ಏಪ್ರಿಲ್ ತಿಂಗಳಿನಲ್ಲಿ ತೀರ್ಪಿತ್ತಿತು. ಆಮೇಲೆ 2020ರಲ್ಲಿ ನಿಯಮವನ್ನೇ ತಿದ್ದಿದರು. ಆ ತಿದ್ದುಪಡಿಯ ಪ್ರಕಾರ ನಿಗದಿಯಾದ ಬೆಳಕು ಬರುವಂತಿದ್ದರೆ ಹಾಳೆ ಅಂಟಿಸುವುದು ಅಪರಾಧವಲ್ಲವೆಂದು ಕೇರಳದ ಉಚ್ಚ ನ್ಯಾಯಾಲಯವು 2024ರ ಸೆಪ್ಟೆಂಬರಿನಲ್ಲಿ ಹೇಳಿತು. ನೆರೆರಾಜ್ಯದ ತೀರ್ಪು ಇಲ್ಲಿ ಮನ್ನಣೆಗೆ ಅರ್ಹವೇ ಹೊರತು ಬಂಧನಕಾರಿಯಲ್ಲ. ಹೀಗೆ ಉತ್ಸರ್ಗ, ಅಪವಾದ, ಅಪವಾದಕ್ಕೆ ಪ್ರತಿಪ್ರಸವ ಎಂದು ಮೂರು ಮೆಟ್ಟಿಲು ಹತ್ತಿದ ವಿಷಯವನ್ನು ಸುಮನಹಳ್ಳಿಯ ಕೂಡುರಸ್ತೆಯ ಬಿಸಿಲಿನಲ್ಲಿ, ಬೆಳಕನ್ನು ಅಳೆಯುವ ಯಂತ್ರವಿಲ್ಲದೆ ಬರಿಗಣ್ಣಿನಿಂದ ಒಬ್ಬ ಪೋಲೀಸಿನವನು ಅರ್ಧ ನಿಮಿಷದಲ್ಲಿ ನಿರ್ಣಯಿಸಬೇಕಾಗಿದೆ. ಅವನ ಮೇಲೂ ನನಗೆ ಮರುಕವುಂಟು. ಸಂಜೆ ಆ ದಾರಿಯಲ್ಲಿ ಹತ್ತು ನಿಮಿಷ ನಿಂತರೆ ನನಗೆ ಕೆಮ್ಮು ಹತ್ತುತ್ತದೆ; ಅವನು ಇಡೀ ದಿನ ನಿಲ್ಲುತ್ತಾನೆ.

ಗಾಡಿಯನ್ನು ಮಾರ್ಪಡಿಸುವ ವಿಚಾರದಲ್ಲಿ ಮಾತ್ರ ನಾನು ಹುಡುಗರ ಪಕ್ಷವನ್ನು ವಹಿಸಲಾರೆ. ತಯಾರಕನು ಇಟ್ಟ ಲಕ್ಷಣಕ್ಕೆ ವಿರುದ್ಧವಾಗಿ ಬದಲಾಯಿಸಕೂಡದೆಂದು 52ನೆಯ ಕಲಮು ಹೇಳುತ್ತದೆ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಅದನ್ನೇ ದೃಢಪಡಿಸಿತು. ಒಂದೊಂದು ಮಾರ್ಪಾಟಿಗೂ 5000 ರೂಪಾಯಿ ದಂಡ ವಿಧಿಸಬಹುದು. ಮುಂಭಾಗಕ್ಕೆ ಕಬ್ಬಿಣದ ಕಂಬಿ ಕಟ್ಟಿದರೆ ಎದುರು ಬಂದ ಪಾದಚಾರಿಯ ಎಲುಬು ಮುರಿಯುವುದೆಂದು ತಿಳಿದ ಮೇಲೂ ಅಂದಕ್ಕಾಗಿ ಕಟ್ಟುವುದು ಯಾವ ರಸಿಕತೆ? ಸೈಲೆನ್ಸರನ್ನು ತೆಗೆಸಿ ನಡುರಾತ್ರಿಯಲ್ಲಿ ಗುಡುಗಿಸಿಕೊಂಡು ಬರುವವನನ್ನಂತೂ ಪೋಲೀಸರು ಹಿಡಿದರೆ ನನಗೆ ಸಂತೋಷವೇ ಆಗುತ್ತದೆ. ಇದನ್ನು ಅವರ ಎದುರಿಗೇ ಹೇಳಿದ್ದೇನೆ.

ಈಗ ಮನುಷ್ಯನೊಡನೆ ವಾದಿಸುವ ಸಂದರ್ಭವೂ ಕಡಿಮೆಯಾಗುತ್ತಿದೆ. 2022ರ ಡಿಸೆಂಬರಿನಲ್ಲಿ ನಗರದ 50 ಕೂಡುರಸ್ತೆಗಳಲ್ಲಿ ವಾಹನದ ಸಂಖ್ಯೆಯನ್ನು ಓದುವ 250 ಕ್ಯಾಮರಾಗಳೂ ಕೆಂಪು ದೀಪವನ್ನು ದಾಟಿದವರನ್ನು ಹಿಡಿಯುವ 80 ಕ್ಯಾಮರಾಗಳೂ ಕಣ್ಣು ತೆರೆದುವು. ಕ್ಯಾಮರಾ ಲಂಚ ಕೇಳುವುದಿಲ್ಲ, ಏಕವಚನದಲ್ಲಿ ಗದರಿಸುವುದಿಲ್ಲ, ಇದು ಮಹೋಪಕಾರ. ಕ್ಯಾಮರಾ ಇರುವ ದಾರಿಯಲ್ಲಿ ಮುನ್ನೆಚ್ಚರಿಕೆಯ ಫಲಕವಿರಬೇಕು, ಅಪರಾಧದ ಸೂಚನಾಪತ್ರವನ್ನು ಹದಿನೈದು ದಿನಗಳೊಳಗೆ ಕಳುಹಿಸಬೇಕು ಎಂದು 2021ರ ಆಗಸ್ಟಿನಲ್ಲಿ ಬಂದ 167ಎ ನಿಯಮವು ಪ್ರಜೆಯ ಪಕ್ಷಕ್ಕೂ ಎರಡು ಮಾತು ಆಡಿದೆ. ಅದನ್ನು ಹುಡುಗರಿಗೆ ಓದಿ ಹೇಳಿದಾಗ, ಅಂಥ ನಿಯಮವೊಂದಿದೆಯೆಂಬುದೇ ಅವರಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ.

ನನ್ನ ಮನಸ್ಸಿಗೆ ಒಗ್ಗದ್ದು ರಿಯಾಯಿತಿಯ ಪದ್ಧತಿ. ಬಾಕಿ ಉಳಿದ ದಂಡಕ್ಕೆ ಅರ್ಧ ಕಟ್ಟಿದರೆ ಸಾಕೆಂದು ಸರ್ಕಾರವು 2023ರ ಫೆಬ್ರವರಿಯಲ್ಲಿ ಸಾರಿದಾಗ ಬೆಂಗಳೂರೊಂದರಲ್ಲಿಯೇ ನೂರು ಕೋಟಿ ರೂಪಾಯಿಗಿಂತ ಅಧಿಕವಾಗಿ ವಸೂಲಾಯಿತು. 2025ರಲ್ಲಿಯೂ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಅದೇ ಸೌಲಭ್ಯ. ಬೊಕ್ಕಸ ತುಂಬಿತು, ಪ್ರಕರಣಗಳು ಕರಗಿದುವು. ಆದರೆ ತಪ್ಪಿಗೆ ಅಂದೇ ಪೂರ್ತಿಯಾಗಿ ತೆತ್ತವನು ಈಗ ಮೂರ್ಖನೆನಿಸಿದನಲ್ಲ! ದಂಡವು ಪ್ರಾಯಶ್ಚಿತ್ತದಂತಿರಬೇಕೆಂದು ಧರ್ಮಶಾಸ್ತ್ರಕಾರರು ಬಗೆದಿದ್ದರು. ಅಂಗಡಿಯ ಆಷಾಢದ ಮಾರಾಟದಂತೆ ಅದು ಬಂದು ಹೋಗತೊಡಗಿದರೆ ತರುಣನು ತನ್ನ ತಪ್ಪನ್ನು ತಪ್ಪೆಂದು ಎಣಿಸದೆ, ಮುಂದಿನ ರಿಯಾಯಿತಿಯವರೆಗೆ ಇರುವ ಸಾಲವೆಂದು ಎಣಿಸುತ್ತಾನೆ. ನಮ್ಮ ಬೀದಿಯಲ್ಲಿಯೇ ಇಬ್ಬರು ಹಾಗೆ ಎಣಿಸುತ್ತಿದ್ದಾರೆ.

ಮೂರನೆಯವನ ಸಂಗತಿ ಬೇರೆ. ಸೀಟು ಬೆಲ್ಟು ಧರಿಸಿಲ್ಲವೆಂದು ಅವನಿಗೆ 500 ರೂಪಾಯಿಯ ಸೂಚನಾಪತ್ರ ಬಂದಿದೆ. ಚಿತ್ರವನ್ನು ನನಗೆ ತೋರಿಸಿದನು. ಕಪ್ಪು ಅಂಗಿಯ ಮೇಲೆ ಕಪ್ಪು ಪಟ್ಟಿ. ಭುಜದ ಬಳಿ ಲೋಹದ ಕೊಂಡಿಯೊಂದು ಸಣ್ಣಗೆ ಹೊಳೆಯುತ್ತದೆ, ಹುಡುಕಿ ನೋಡಿದರೆ ಮಾತ್ರ. "ಐನೂರು ರೂಪಾಯಿಗೆ ಯಾಕಪ್ಪಾ ತಲೆನೋವು, ಕಟ್ಟಿಬಿಡು" ಎಂದು ಅವನ ತಂದೆ ಹೇಳಿದರು. ಲೋಕಾನುಭವದ ಮಾತು, ಅದನ್ನು ನಾನು ಅಲ್ಲಗಳೆಯಲಿಲ್ಲ. ಆದರೆ ಮಾಡದ ತಪ್ಪನ್ನು ಹಣ ಕೊಟ್ಟು ಒಪ್ಪಿಕೊಳ್ಳುವುದು ಬೇಡ, ಒಪ್ಪದವನಿಗೆ ನ್ಯಾಯಾಲಯದ ಬಾಗಿಲು ಉಂಟು, ಅದಕ್ಕೆ ಮೊದಲು ಆಕ್ಷೇಪಣೆಯನ್ನಾದರೂ ಬರೆ ಎಂದೆನು. ಬರೆದು ತಂದನು. ಎರಡು ಕಡೆ ವಿಭಕ್ತಿಯನ್ನು ತಿದ್ದಿ, "ದಬ್ಬಾಳಿಕೆ" ಎಂಬ ಪದವನ್ನು ಹೊಡೆದುಹಾಕಿ, ಕೊಂಡಿ ಕಾಣುವ ಸ್ಥಳಕ್ಕೆ ಕೆಂಪು ಶಾಯಿಯಲ್ಲಿ ವೃತ್ತವನ್ನು ಎಳೆಸಿದೆನು. ಕಳುಹಿಸಿ ಮೂರು ವಾರಗಳಾದುವು. ಉತ್ತರ ಇನ್ನೂ ಬಂದಿಲ್ಲ.