ಅಪ್ಪನ ಮಾತ್ರೆ, ನನ್ನ ಹೆಬ್ಬೆರಳು

ತುಂಬಾ ದಿನಗಳಾದ ಮೇಲೆ ಬ್ಲಾಗಿನ ಕಡೆ ತಲೆ ಹಾಕ್ತಿದೀನಿ. ಆಫೀಸಿನ ಕೆಲಸ, ಇನ್ನೇನು... :-)

ನಮ್ಮ ಟೀಮು ಔಷಧಗಳನ್ನ ಪರೀಕ್ಷಿಸೋ ಕ್ಲಿನಿಕಲ್ ಟ್ರಯಲ್‌ಗಳಿಗೆ ಸಾಫ್ಟ್‌ವೇರ್ ಬರೆಯುತ್ತೆ. ರೋಗಿ ಆಸ್ಪತ್ರೆಗೆ ಬರೋ ಬದಲು ವಿಡಿಯೋದಲ್ಲೇ ತಪಾಸಣೆ ಮುಗಿಸೋ ಭಾಗ ನಂದು. ಡೆಮೋ ಕೊಟ್ಟರೆ ಡಾಕ್ಟರುಗಳು ಮುಖ ಕಿವುಚಿದ್ರು. ಅವರೇ ದಿನಾ ಫೋನಲ್ಲಿ ರೋಗಿಗಳನ್ನ ನೋಡೋರು! "ಚಿಕಿತ್ಸೆಗೆ ಸರಿ, ಸಂಶೋಧನೆಗೆ ಬೇಡ" ಅಂದ್ರು ಒಬ್ಬರು. 2002ರಲ್ಲೇ ಇಸ್ರೋದವರು ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾಸ್ಪತ್ರೆಯನ್ನ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿದ್ರು, ಇವರಿಗೆ ಇನ್ನೂ ಅನುಮಾನ ಅಂತ ಮನಸಲ್ಲೇ ಬೈಕೊಂಡೆ.

ಆಮೇಲೆ ನಮ್ಮಪ್ಪನೇ ಒಂದು ಟ್ರಯಲ್‌ಗೆ ಸೇರಿದ್ರು. ನಮ್ಮ ಕಂಪನಿಗೆ ಸಂಬಂಧ ಇಲ್ಲದ್ದು, ಬಿಪಿ ಮಾತ್ರೆದು. ಕುಂದಾಣದಿಂದ ಸಿಟಿಗೆ ಹೋಗಿಬರೋಕೆ ಒಂದು ದಿನದ ಕೆಲಸ ಹಾಳು ಅಂತ, ಮೂರನೇ ತಿಂಗಳ ತಪಾಸಣೆ ವಿಡಿಯೋದಲ್ಲಿ. ಶನಿವಾರ ನಾನೂ ಊರಲ್ಲಿದ್ದೆ. ಫೋನ್ ಹಿಡಿದುಕೊಂಡು ಅಂಗಿ ಮೇಲೇ ಬಿಪಿ ಪಟ್ಟಿ ಸುತ್ತಿದೆ. "ತೋಳು ಮಡಚಿ, ಐದು ನಿಮಿಷ ಸುಮ್ನೆ ಕೂರಿಸಿ" ಅಂದ್ರು ಡಾಕ್ಟರಮ್ಮ. ತಲೆ ಮೇಲೆ ವಿಮಾನ ಹೋಯ್ತು, ಇನ್ನೊಂದ್ಸಲ ಹೇಳಿಸಿಕೊಂಡೆ. ಆಮೇಲೆ ಕಾಲಿನ ಊತ. "ಮುಂಗಾಲಿನ ಮೂಳೆ ಮೇಲೆ ಹೆಬ್ಬೆರಳಿಂದ ಒತ್ತಿ ಹಿಡೀರಿ. ಗುಳಿ ಬಿತ್ತಾ?" ಇಲ್ಲ ಅಂದೆ. ನಿಜ ಹೇಳ್ಬೇಕಂದ್ರೆ ಎಷ್ಟು ಒತ್ತಬೇಕು, ಎಷ್ಟಾದ್ರೆ ಗುಳಿ, ನಂಗೇನು ಗೊತ್ತು? ಅವರು ಬರೆದುಕೊಂಡ್ರು.

"ಮಾತ್ರೆ ದಿನಾ ತಗೋತಿದೀರಾ ಯಜಮಾನ್ರೇ?"

"ಊಂ ಕಣಮ್ಮ, ದಿನಾ."

ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವು ಒಂದ್ನಿಮಿಷ ಹೊರಗಿರ್ತೀರಾ?" ಅಂತ ನಂಗೆ ಹೇಳಿದ್ರು. ಫೋನನ್ನ ಅಕ್ಕಿ ಡಬ್ಬಕ್ಕೆ ಒರಗಿಸಿ ಜಗಲಿಗೆ ಬಂದೆ. ವಾಪಸ್ ಹೋದಾಗ ಸೋಮವಾರ ಆಸ್ಪತ್ರೆಗೇ ಬರಬೇಕು ಅಂತ ತೀರ್ಮಾನ ಆಗಿತ್ತು.

ಸೋಮವಾರ ಬೈಕಲ್ಲಿ ಹಿಂದೆ ಕೂತು ಅಪ್ಪ ಬಾಯಿ ಬಿಟ್ರು. "ಎರಡು ವಾರದಿಂದ ನುಂಗಿಲ್ಲ ಕಣೋ. ತಲೆ ಸುತ್ತೋದು. ನಿನ್ನೆದುರಿಗೆ ಹೇಳಿದ್ರೆ ಬೈತೀಯ..."

ನಾನು ಅಲ್ಲೇ ಕೂತಿದ್ದಿದ್ರೆ? ದಿನಾ ಮಾತ್ರೆ ನುಂಗಿದ, ತೊಂದರೆ ಏನಿಲ್ಲ ಅಂತ ಅಪ್ಪನ ಹೆಸರಲ್ಲಿ ದಾಖಲಾಗ್ತಿತ್ತು. ಚಿಕಿತ್ಸೆಯಲ್ಲಾದ್ರೆ ಅದು ಒಬ್ಬರ ತಪ್ಪು ಲೆಕ್ಕ. ಇಲ್ಲಿ ಮುಂದೆ ಆ ಮಾತ್ರೆ ನುಂಗೋ ಎಲ್ಲರದ್ದೂ.

ವಾಪಸ್ ಬಂದು ನಿಯಮಗಳನ್ನ ಕೂತು ಓದಿದೆ (ಕೋಡ್ ಬರೆಯೋಕೆ ಮುಂಚೆ ಓದಬೇಕಿತ್ತು, ಗೊತ್ತು!). 2020ರ ಮಾರ್ಚಿನ ಟೆಲಿಮೆಡಿಸಿನ್ ಮಾರ್ಗಸೂಚಿಯೇ ಸಂಶೋಧನೆ ತನ್ನ ವ್ಯಾಪ್ತಿಗೆ ಬರಲ್ಲ ಅಂತ ಬರೆದುಕೊಂಡಿದೆ. ಇನ್ನು 2019ರ ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ, ಗಂಭೀರ ಅಡ್ಡಪರಿಣಾಮ ಆದ್ರೆ 24 ಗಂಟೆಯೊಳಗೆ ವರದಿ ಮಾಡಬೇಕಾದವರು ಟ್ರಯಲ್ ನಡೆಸೋ ಡಾಕ್ಟರು. ಹೆಬ್ಬೆರಳು ನಂದು, ಸಹಿ ಅವರದು!

"ಕೋಣೆಯಲ್ಲಿ ಇನ್ಯಾರಿದ್ದಾರೆ?" ಅನ್ನೋ ಪ್ರಶ್ನೆಯನ್ನ ಈಗ ಕಡ್ಡಾಯ ಮಾಡಿದೀನಿ. ಅವತ್ತು ಬೇಡ ಅಂದಿದ್ದ ಡಾಕ್ಟರಿಗೆ ತೋರಿಸಿದೆ. "ಮಗ ಬಾಗಿಲ ಹಿಂದೆ ನಿಂತಿದ್ರೆ?" ಅಂದ್ರು. ಉತ್ತರ ಹೊಳೀಲಿಲ್ಲ... ನಿಮ್ಮಲ್ಲಿ ಯಾರಿಗಾದ್ರೂ ಹೊಳೆದ್ರೆ ಹೇಳಿ.