ಉರಿಗಾಂನ ಹಳೆಯ ಗುಂಡಿಗಳು

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಸಾಗುವ ಶಾಖಾ ರೈಲು ಉರಿಗಾಂ ಸಮೀಪಿಸಿದಂತೆ ಪ್ರಯಾಣಿಕನ ದೃಷ್ಟಿಯನ್ನು ಸೆಳೆಯುವುವು ಬೂದುಬಣ್ಣದ ದಿಬ್ಬಗಳು. ಒಂದು ಶತಮಾನಕ್ಕೂ ಮಿಗಿಲಾಗಿ ಅರೆದು, ಚಿನ್ನ ತೆಗೆದು, ಎಸೆದ ಕಲ್ಲಿನ ಹುಡಿಯದು. ಮೂರು ಕಿಲೋಮೀಟರಿಗೂ ಆಳಕ್ಕಿಳಿದಿದ್ದ ಇಲ್ಲಿನ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ನೋಡಬಂದವರು ಇಂಗ್ಲಿಷರ ಯಂತ್ರ, ಬಂಗಲೆ, ಕ್ಲಬ್ಬುಗಳನ್ನು ಕೊಂಡಾಡಿ ಹಿಂದಿರುಗುತ್ತಾರೆ. ಆ ಇಂಗ್ಲಿಷರಿಗೆ ಇಲ್ಲಿ ಪಾಠ ಹೇಳಿದ ಗುರುಗಳೇ ಬೇರೆ.

1802ರಲ್ಲಿ ಮೈಸೂರು ಸೀಮೆಯ ಗಡಿಯನ್ನು ಅಳೆಯಬಂದ ಲೆಫ್ಟಿನೆಂಟ್ ಜಾನ್ ವಾರನ್ ಚಿನ್ನದ ವದಂತಿಯನ್ನು ಕೇಳಿ, ತೋರಿಸಿಕೊಟ್ಟವರಿಗೆ ಬಹುಮಾನವೆಂದು ಸಾರಿದ. ಹಳ್ಳಿಗರು ಗಾಡಿಗಳಲ್ಲಿ ಮಣ್ಣನ್ನು ಹೇರಿಕೊಂಡು ಬಂದರು! ಅದನ್ನು ನೀರಿನಲ್ಲಿ ಕದಡಿ, ಹಗುರಾದುದನ್ನು ಹರಿಯಬಿಟ್ಟು, ತಳದಲ್ಲಿ ಉಳಿದ ಹೊನ್ನಿನ ಹುಡಿಯನ್ನು ಅವನ ಕಣ್ಣೆದುರಿಗೇ ತೆಗೆದು ತೋರಿಸಿದರು. ಮಾರಿಕುಪ್ಪದಲ್ಲಂತೂ ಅಸ್ಪೃಶ್ಯರೆಂದು ಊರು ದೂರವಿಟ್ಟಿದ್ದ ಜನ ಮೂವತ್ತು, ನಲವತ್ತೈದು ಅಡಿ ಆಳದ ಗುಂಡಿಗಳಿಗೆ ಇಳಿದು ಕಲ್ಲು ತೆಗೆಯುತ್ತಿದ್ದರು. ಬುಟ್ಟಿ ಕೈಯಿಂದ ಕೈಗೆ ದಾಟಿ ಮೇಲೇರುತ್ತಿತ್ತು. ಹೆಂಗಸರು ಆ ಕಲ್ಲನ್ನು ಬಂಡೆಯ ಮೇಲೆ ಕುಟ್ಟಿ ಪುಡಿಮಾಡಿ ತೊಳೆಯುತ್ತಿದ್ದರು. ಯಾವ ಮಠದ ಐಗಳೂ ಕಲಿಸಿದ ವಿದ್ಯೆಯಲ್ಲ ಅದು.

ಅಪಘಾತಗಳ ಕಾರಣದಿಂದ 1859ರಲ್ಲಿ ಈ ನೆಲದೊಳಗಿನ ಕೆಲಸವನ್ನು ಸರ್ಕಾರ ನಿಷೇಧಿಸಿತು. ಬಲ್ಲವರು ಕೈಕಟ್ಟಿ ಕುಳಿತರು. 1873ರಲ್ಲಿ ಪರವಾನಗಿ ಕೋರಿದವನು, ನ್ಯೂಜಿಲೆಂಡಿನಿಂದ ಬಂದ ಲವೆಲ್. ಅವನನ್ನು ದಾರಿಗೆ ಹಚ್ಚಿದ್ದು ವಾರನ್ ಬರೆದಿಟ್ಟ ವರದಿ. ಆಮೇಲೆ ಲಂಡನ್ನಿನ ಕಂಪನಿಗಳು ಬಂದವು, ಷಾಫ್ಟುಗಳನ್ನು ತೋಡಿದವು. ಹಣ ಕರಗಿತು, ಚಿನ್ನ ಕಾಣಲಿಲ್ಲ. ಮೈಸೂರು ಕಂಪನಿಯ ಬಂಡವಾಳ ತೀರುತ್ತ ಬಂದಾಗ, 1883ರ ಸುಮಾರಿನಲ್ಲಿ, ಕ್ಯಾಪ್ಟನ್ ಪ್ಲಮ್ಮರ್ ಕೆಲಸ ವಹಿಸಿಕೊಂಡ. ಹಳಬರು ಅಗೆದು ಬಿಟ್ಟುಹೋದ ಗುಂಡಿಯಲ್ಲಿ ಇನ್ನೇನು ಉಳಿದೀತು ಎಂದು ಓದಿದ ಬುದ್ಧಿ ಕೇಳುವುದು ಸಹಜವಷ್ಟೆ. ಆ ಬುದ್ಧಿಯನ್ನು ಬದಿಗಿಟ್ಟು, ಆ ಅನಾಮಧೇಯರ ಹೆಜ್ಜೆಯನ್ನೇ ಹಿಡಿದು ಕೆಳಗಿಳಿದುದು ಪ್ಲಮ್ಮರನ ಜಾಣತನ. ಹಳೆಯ ಗುಂಡಿಗಳ ತಳದಲ್ಲಿ ಚಾಂಪಿಯನ್ ಲೋಡ್ ಎಂಬ ಪ್ರಸಿದ್ಧ ಚಿನ್ನದ ಪದರ ಕಾದಿತ್ತು. ಮುಚ್ಚುವ ಹಂತಕ್ಕೆ ಬಂದಿದ್ದ ಉರಿಗಾಂ, ನಂದಿದುರ್ಗ ಕಂಪನಿಗಳಿಗೂ ಅದರಿಂದ ಜೀವ ಬಂತು.

ಮುಂದೆ ಮೈಸೂರು ಗಣಿಯ ಒಂದು ಷಾಫ್ಟಿಗೆ ಎಡ್ಗರ್ ಎಂದೂ ಚಾಂಪಿಯನ್ ರೀಫಿನ ಒಂದಕ್ಕೆ ಗಿಫರ್ಡ್ ಎಂದೂ ಹೆಸರಾಯಿತು. ಮಾರಿಕುಪ್ಪದ ಗುಂಡಿಗೆ ಇಳಿದವರ ಹೆಸರಿನಲ್ಲಿ ಷಾಫ್ಟು ಇಲ್ಲ. ಅವರ ಪೂರ್ವಿಕರ ಕುರುಹು ಮಾತ್ರ ನೆಲದೊಳಗೆ ಗಣಿಗಾರರಿಗೆ ಸಿಕ್ಕಿತು: ಬಂಡೆಗೆ ಬೆಂಕಿಯಿಟ್ಟು, ಕಾದ ಮೇಲೆ ನೀರೆರಚಿ ಸೀಳಿದ ಗೋಡೆಗಳು, ಅವುಗಳ ಬುಡದಲ್ಲಿ ಇದ್ದಿಲು.