ನಿಸ್ತಂತುವಿನ ಮಂದಗತಿ

ಹುನಗುಂದ ಸೀಮೆಯ ಮರೋಳದಲ್ಲಿ ಒಂದು ಹಳೆಯ ಮಾಳಿಗೆಮನೆ. ಅದರ ಕಲ್ಲುಮಣ್ಣಿನ ಗೋಡೆಗಳ ದಪ್ಪವು ಒಂದೂವರೆ ಮೊಳಕ್ಕೆ ಕಡಿಮೆಯಿಲ್ಲ. ಬೇಸಿಗೆಯಲ್ಲಿ ತಂಪನ್ನೀಯುವ ಈ ಗೋಡೆಗಳೇ ಒಂದು ದಿನ ಆ ಮನೆಯ ಹೆಣ್ಣುಮಗಳ ಉದ್ಯೋಗಕ್ಕೆ ಅಡ್ಡಬಂದಾವೆಂದು ಕಟ್ಟಿದವರು ಎಣಿಸಿರಲಾರರು.

ಆಕೆಯು ಬೆಂಗಳೂರಿನ ಒಂದು ಕಚೇರಿಯ ನೌಕರಳು. 2020ರ ಸಾಂಕ್ರಾಮಿಕದಲ್ಲಿ ಊರಿಗೆ ಬಂದವಳು, ಹಾಸಿಗೆ ಹಿಡಿದ ಅಜ್ಜಿಯ ಶುಶ್ರೂಷೆಗಾಗಿ ಅಲ್ಲಿಯೇ ಉಳಿದು ಲ್ಯಾಪ್‌ಟಾಪಿನಲ್ಲಿ ಕೆಲಸ ನಡೆಸುತ್ತಿದ್ದಳು. ಅಜ್ಜಿಯ ಮಂಚವಿದ್ದ ಒಳಕೋಣೆಯೇ ಅವಳ ಕಚೇರಿ. ಆದರೆ ಜನರು ವೈಫೈ ಎಂದು ಕರೆಯುವ ನಿಸ್ತಂತು ಜಾಲಕ್ಕೆ ಅಲ್ಲಿ ಆಮೆಯ ನಡಿಗೆ; ಸಭೆಯ ನಡುವೆ ಎದುರಿನವರ ಮುಖಗಳು ಪ್ರತಿಮೆಗಳಂತೆ ನಿಂತುಬಿಡುವುವು. ಮೇಲಧಿಕಾರಿಯು ಎರಡು ಸಲ ತಾಳಿದನು. ಮೂರನೆಯ ಸಲ, ಹೀಗೆಯೇ ಆದರೆ ಬೆಂಗಳೂರಿಗೆ ಬರಬೇಕಾದೀತೆಂದು ತಿಳಿಸಿದನು.

“ತಂತಿ ಕೊಟ್ಟವರನ್ನ ಬಿಡಬ್ಯಾಡ. ತಿಂಗಳಾ ತಿಂಗಳಾ ರೊಕ್ಕ ಎಣಿಸ್ತೀವಿ,” ಎಂದನು ಮುತ್ಯಾ. ದೂರಿನ ಕಾಗದವನ್ನೂ ಬರೆದಿಟ್ಟನು. (ಜಾಹೀರಾತಿನ ಮೆಗಾಬಿಟ್ಟನ್ನು ಮೆಗಾಬೈಟೆಂದು ತಿಳಿದು, ಎಂಟು ಪಾಲು ಹೆಚ್ಚು ನಿರೀಕ್ಷಿಸಿ ಜಗಳಕ್ಕೆ ನಿಲ್ಲುವವರೂ ಉಂಟು, ಅದು ಬೇರೆ ಮಾತು.)

ಮೊಮ್ಮಗಳು ತಾರ್ಕಿಕರ ಅನ್ವಯವ್ಯತಿರೇಕವನ್ನು ಓದಿದವಳಲ್ಲ; ಆದರೂ ಮಾಡಿದ್ದು ಅದನ್ನೇ. ಮೊದಲು ಪಡಸಾಲೆಯ ಪೆಟ್ಟಿಗೆಗೆ, ಅಂದರೆ ರೌಟರಿಗೆ, ಲ್ಯಾಪ್‌ಟಾಪನ್ನು ತಂತಿಯಿಂದಲೇ ಜೋಡಿಸಿ ವೇಗವನ್ನಳೆದಳು: ಒಪ್ಪಂದದ 40 ಮೆಗಾಬಿಟ್ಟಿಗೆ 38 ಬಂದಿತು. ಕಂಪನಿಯು ನಿರ್ದೋಷಿ. ತಂತಿ ತೆಗೆದು ಅಲ್ಲಿಯೇ ಕುಳಿತು ಅಳೆದರೂ ಹೆಚ್ಚು ಕಡಿಮೆ ಅಷ್ಟೇ. ಲ್ಯಾಪ್‌ಟಾಪೂ ನಿರ್ದೋಷಿ. ಒಳಕೋಣೆಗೆ ಬಂದೊಡನೆ 3. ಬ್ಯಾಟರಿ ಉಳಿಸುವ ಏರ್ಪಾಟನ್ನು ನಿಲ್ಲಿಸಿದಳು, ತಮ್ಮನ ಫೋನು ಚಿತ್ರಗಳನ್ನು ಮೇಲಕ್ಕೆ ಕಳುಹಿಸುತ್ತಿದ್ದುದನ್ನು ತಡೆದಳು, ಅಂಕವು ಕದಲಲಿಲ್ಲ.

ಪೆಟ್ಟಿಗೆಯು ಎರಡು ಬಗೆಯ ಅಲೆಗಳನ್ನು ಬೀರುವುದು. 5 ಗಿಗಾಹರ್ಟ್ಸಿನದು ವೇಗಶಾಲಿ, ಆದರೆ ಗೋಡೆಯೆದುರು ಬಲು ಬೇಗ ಸೋಲುವುದು. 2.4ರದು ನಿಧಾನ, ಆದರೆ ಗೋಡೆಯನ್ನು ತಕ್ಕಮಟ್ಟಿಗೆ ದಾಟಬಲ್ಲುದು. ನೆರೆಮನೆಗಳ ಅಲೆಗಳೂ ಅಲ್ಲಿಯೇ ನೂಕಾಡುವುದರಿಂದ 1, 6, 11 ಎಂಬ ಮೂರು ದಾರಿಗಳಲ್ಲಿ ತೆರವಾದುದನ್ನು ಆರಿಸಿಕೊಳ್ಳಬೇಕು. ಆಕೆಯು 2.4ಕ್ಕೆ ಬದಲಿಸಿದಳು. ಪೆಟ್ಟಿಗೆಯು ಉಕ್ಕಿನ ತಿಜೂರಿಯ ಹಿಂದೆ ಅಡಗಿದ್ದುದನ್ನು ಕಂಡು ಎತ್ತರದ ಗೂಡಿನಲ್ಲಿಟ್ಟಳು. 3 ಹೋಗಿ 9 ಆಯಿತು. ಆದರೂ ಮುಖಗಳು ನಡುನಡುವೆ ಕಲ್ಲಾಗುತ್ತಿದ್ದುವು.

“ಮುತ್ಯಾ, ಲೈನ್ ಸರಿ ಐತಿ. ನಮ್ಮ ಗ್ವಾಡಿನ ದಪ್ಪ ಐತಿ. ನಾ ಪಡಸಾಲಿಗೆ ಕುಂತರ ಆಯಿನ ನೋಡೋರು ಯಾರು?”

ಮುತ್ಯಾ ಒಕ್ಕಲಿಗ. ನಾರಾಯಣಪುರ ಜಲಾಶಯದ ಹಿನ್ನೀರನ್ನೆತ್ತಿ 24,000 ಹೆಕ್ಟೇರಿಗೆ ಹನಿಯಾಗಿ ಉಣಿಸಲು ಕೈಕೊಂಡ ಯೋಜನೆಗೆ ಮರೋಳದ ಹೆಸರೂ ಸೇರಿದೆ. ಹನಿ ನೀರಿನ ಮರ್ಮವು ಅಲ್ಲಿಯ ರೈತರಿಗೆ ತಿಳಿಯದ್ದಲ್ಲ. ಆತನು ಗೋಡೆಯನ್ನು ಕೆಲಹೊತ್ತು ನೋಡಿ, “ಕೊನೀ ಸಾಲಿಗೆ ನೀರು ಬರಲಿಲ್ಲಂದ್ರ ಅಲ್ಲೀತನಕ ಪೈಪೇ ಒಯ್ಯಬೇಕವ್ವಾ. ಗ್ವಾಡಿಗೆ ಬೈದ್ರ ಏನ್ ಬಂತು?” ಎಂದನು.

ಮರುದಿನ ಇಳಕಲ್ಲಿನಿಂದ ಇಪ್ಪತ್ತು ಮೀಟರು ತಂತಿಯೂ ಇನ್ನೊಂದು ಚಿಕ್ಕ ಪೆಟ್ಟಿಗೆಯೂ ಬಂದುವು. ತಂತಿಯು ಬಾಗಿಲ ತೊಲೆಯ ಮೇಲಿನಿಂದ ಹಾಯ್ದು ಒಳಕೋಣೆಯನ್ನು ಸೇರಿತು. ಪೆಟ್ಟಿಗೆಯು ಅಜ್ಜಿಯ ತಲೆದೆಸೆಯ ಗೂಡಿನಲ್ಲಿ ಕುಳಿತಿತು. ಸೋಮವಾರದ ಸಭೆಯು ಒಂದು ತಾಸು ನಡೆದರೂ ಯಾರ ಮುಖವೂ ನಿಲ್ಲಲಿಲ್ಲ. ಮುತ್ಯಾನ ದೂರಿನ ಕಾಗದವು ಪಂಚಾಂಗದೊಳಗೇ ಉಳಿಯಿತು.

ದೂರು ಬಂದದ್ದು ಅಜ್ಜಿಯಿಂದ: ಆ ಪೆಟ್ಟಿಗೆಯ ಹಸಿರು ದೀಪವು ರಾತ್ರಿಯೆಲ್ಲ ಕಣ್ಣಿಗೆ ಚುಚ್ಚುವುದಂತೆ. ಮೊಮ್ಮಗಳು ದೀಪದ ಮೇಲೊಂದು ಕಾಗದದ ಚೂರನ್ನು ಅಂಟಿಸಿದಳು.